ತೊಟ್ಟಿಯ ಸುತ್ತ ಏನು ತುಂಬುತ್ತೀರಿ?

ಬೆಂಗಳೂರಿನ ಸುತ್ತಲ ತೋಟದ ಮನೆಗಳಲ್ಲಿ, ಕೊಡಗು, ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಫೈಬರ್‌ಗ್ಲಾಸ್ ಈಜುಕೊಳ ಈಗ ಅಪರೂಪವೇನಲ್ಲ. ಕಾರ್ಖಾನೆಯಲ್ಲೇ ಅಚ್ಚು ಹಾಕಿದ ತೊಟ್ಟಿ ಲಾರಿಯಲ್ಲಿ ಬರುತ್ತದೆ, ಕ್ರೇನು ಅದನ್ನು ಗುಂಡಿಗೆ ಇಳಿಸುತ್ತದೆ. ಕೊಳ್ಳುವವರು ಬಣ್ಣ, ಆಕಾರ, ಮೆಟ್ಟಿಲು, ದೀಪ ಎಲ್ಲವನ್ನೂ ಅಳೆದು ತೂಗಿ ಆರಿಸುತ್ತಾರೆ. ತೊಟ್ಟಿಗೂ ಗುಂಡಿಯ ಗೋಡೆಗೂ ನಡುವೆ ಉಳಿಯುವ ಒಂದಡಿ ಸಂದಿಗೆ ಏನು ಹಾಕುತ್ತೀರಿ ಎಂದು ಕೇಳುವವರು ಮಾತ್ರ ಕಡಿಮೆ. ಕೊಳ ವರ್ಷಾನುಗಟ್ಟಲೆ ಬಾಳುವುದೋ, ಎರಡನೇ ಮಳೆಗಾಲಕ್ಕೇ ಗೋಡೆ ಉಬ್ಬುವುದೋ ತೀರ್ಮಾನವಾಗುವುದು ಆ ಸಂದಿಯಲ್ಲಿ. ಆ ಸಂದಿಯನ್ನು ನಮ್ಮಲ್ಲಿ ಕೈಗೆ ಸಿಕ್ಕಿದ್ದರಿಂದ ಮುಚ್ಚುವ ರೂಢಿ ತಪ್ಪು, ಅದು ನಿಲ್ಲಬೇಕು.

ಕಾಂಕ್ರೀಟ್ ಕೊಳಕ್ಕೆ ತನ್ನದೇ ಬಿಗಿ ಇದೆ. ಫೈಬರ್‌ಗ್ಲಾಸ್ ತೊಟ್ಟಿಯ ಗೋಡೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು ದಪ್ಪ, ಒತ್ತಿದರೆ ಬಾಗುವಂಥದ್ದು. ಒಳಗೆ ಒಂದೂವರೆ ಮೀಟರ್ ಆಳದಲ್ಲಿ ಪ್ರತಿ ಚದರ ಮೀಟರಿಗೆ ಒಂದೂವರೆ ಟನ್ನಿನಷ್ಟು ನೀರಿನ ಒತ್ತಡ ಹೊರಮುಖವಾಗಿರುತ್ತದೆ. ಹೊರಗಿನ ಭರ್ತಿ ಅದಕ್ಕೆ ಆನಿಸಿಕೊಂಡು ನಿಲ್ಲಬೇಕು, ಹಾಗೆಂದು ಒಳಕ್ಕೆ ತಳ್ಳಲೂ ಬಾರದು. ಅದಕ್ಕೇ ಬಲ್ಲ ಕೆಲಸಗಾರರು ಒಳಗೆ ನೀರು, ಹೊರಗೆ ಭರ್ತಿ ಎರಡನ್ನೂ ಅಡಿ ಅಡಿಯಾಗಿ ಜೊತೆಜೊತೆಗೇ ಏರಿಸುತ್ತಾರೆ.

ಅಗೆದ ಮಣ್ಣನ್ನೇ ಜೆಸಿಬಿಯಿಂದ ಹಿಂದಕ್ಕೆ ತಳ್ಳಿ ಮುಚ್ಚುವುದು ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕೆಟ್ಟದ್ದು. ಕೆಂಪು ಮಣ್ಣು ಮಳೆಗೆ ಕುಸಿಯುತ್ತದೆ. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಂತೂ ಮಳೆಗಾಲದಲ್ಲಿ ಉಬ್ಬಿ ಗೋಡೆಯನ್ನು ಒತ್ತುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ದೂರ ಸರಿಯುತ್ತದೆ. ವರ್ಷಕ್ಕೊಮ್ಮೆ ಹೀಗೆ ತಳ್ಳಿ ಎಳೆದಾಡಿದರೆ ಯಾವ ತೊಟ್ಟಿಯೂ ತಡೆಯದು. ಆ ಮಣ್ಣನ್ನು ಹೊಲಕ್ಕೋ ತೋಟಕ್ಕೋ ಸಾಗಿಸಿಬಿಡಬೇಕು. ಈ ಬಗ್ಗೆ ಚರ್ಚೆಯೇ ಬೇಡ.

ಚರ್ಚೆ ಇರುವುದು ಮರಳು ಮತ್ತು ಜಲ್ಲಿಯ ನಡುವೆ. ಮರಳಿನ ಪರ ಮಾತಾಡುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಅದು ಮೆತ್ತಗೆ, ತೊಟ್ಟಿಗೆ ಚುಚ್ಚುವುದಿಲ್ಲ, ಒಣಗಿದ್ದರೆ ಸಂದುಗೊಂದಿಗೂ ಹರಿಯುತ್ತದೆ. ಆದರೆ ಸೈಟಿಗೆ ಬರುವ ಮರಳು ಒಣಗಿರುವುದಿಲ್ಲ. ತೇವದ ಮರಳು ಕಾಳು ಕಾಳಿಗೆ ಅಂಟಿಕೊಂಡು ಉಬ್ಬಿ ನಿಲ್ಲುತ್ತದೆ, ಮೆಟ್ಟಿಲಿನ ಅಡಿಯಂಥ ಇಕ್ಕಟ್ಟಿನಲ್ಲಿ ಕಮಾನಿನಂತೆ ತೂಗಿಕೊಂಡು ಕೆಳಗೆ ಪೊಳ್ಳು ಬಿಡುತ್ತದೆ. ನೀರು ಹೊಡೆದು ಕೂರಿಸಬಹುದು, ಪದರ ಪದರವಾಗಿ ದಮ್ಮಸು ಮಾಡಬಹುದು. ಒಂದಡಿ ಸಂದಿಯಲ್ಲಿ, ಗೋಡೆಗೆ ಪೆಟ್ಟು ಬೀಳದಂತೆ, ಅಷ್ಟು ತಾಳ್ಮೆಯಿಂದ ಅದನ್ನು ಮಾಡುವ ತಂಡ ಸಿಗುವುದು ಕಷ್ಟ. ಮರಳು ಕೂರದಿದ್ದರೆ ಏನಾಗುತ್ತದೆ ಎಂಬುದು ವರ್ಷದೊಳಗೆ ಅಂಚಿನಲ್ಲೇ ಕಾಣುತ್ತದೆ. ಮೊದಲು ಕೋಪಿಂಗ್ ಕಲ್ಲಿಗೂ ಪಕ್ಕದ ನೆಲಹಾಸಿಗೂ ನಡುವೆ ಉಗುರು ತೂರುವಷ್ಟು ಗೆರೆ, ಆಮೇಲೆ ನೆಲಹಾಸು ಹೊರಕ್ಕೆ ವಾಲುತ್ತದೆ, ಕೊನೆಗೆ ಮರಳಿನ ಜೊತೆ ಇಳಿದ ಪಿವಿಸಿ ಪೈಪಿನ ಜಾಯಿಂಟ್ ಬಿಟ್ಟುಕೊಂಡು ನೀರು ಸೋರುತ್ತದೆ. ಸೋರಿದ ನೀರು ಇನ್ನಷ್ಟು ಮರಳನ್ನು ಕೊಚ್ಚಿಕೊಂಡು ಹೋಗುತ್ತದೆ.

ನದಿ ಮರಳನ್ನು ಗುಂಡಿ ತುಂಬಲು ಬಳಸುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ. ಎಂ-ಸ್ಯಾಂಡ್ ಆಗಬಹುದಲ್ಲ ಎನ್ನುವವರಿಗೆ ಒಂದು ಮಾತು: ಐಎಸ್ 383 ಮಾನದಂಡದಲ್ಲೇ ಕಲ್ಲು ಪುಡಿಮಾಡಿ ತೆಗೆದ ಮರಳಿಗೆ 150 ಮೈಕ್ರಾನ್ ಜರಡಿ ದಾಟುವ ನುಣುಪು ಪುಡಿ ಶೇಕಡಾ 20ರವರೆಗೂ ಇರಲು ಅವಕಾಶವಿದೆ. ಕಾಂಕ್ರೀಟಿಗೆ ಅದು ನಡೆಯುತ್ತದೆ. ನೀರು ಬಸಿದು ಹೋಗಬೇಕಾದ ಜಾಗದಲ್ಲಿ ಆ ಪುಡಿ ಕೆಸರಾಗುತ್ತದೆ. ಎಂ-ಸ್ಯಾಂಡ್ ಹೆಸರಿನಲ್ಲಿ ಬರಿಯ ಕ್ರಷರ್ ಪುಡಿ ಇಳಿಸಿದರಂತೂ ಮುಗಿಯಿತು.

ಜಲ್ಲಿ ಹಾಗಲ್ಲ. 12ರಿಂದ 20 ಎಂಎಂ ನಡುವಿನ, ಒಂದೇ ಅಳತೆಯ, ತೊಳೆದ ಜಲ್ಲಿ ಸುರಿದಾಗಲೇ ಬಹುಪಾಲು ಕೂತುಬಿಡುತ್ತದೆ. ಕೋನ ಕೋನ ಸಿಕ್ಕಿಕೊಂಡು ನಿಲ್ಲುವುದರಿಂದ ಮುಂದೆ ಇಳಿಯುವುದು ಅತ್ಯಲ್ಪ. ನೆನೆದರೂ ಉಬ್ಬದು, ಒಣಗಿದರೂ ಕುಗ್ಗದು. ಕೆಲಸಗಾರನ ತಾಳ್ಮೆಯ ಮೇಲೆ ಫಲಿತಾಂಶ ಅಷ್ಟಾಗಿ ನಿಂತಿಲ್ಲ ಎಂಬುದೇ ಅದರ ದೊಡ್ಡ ಗುಣ. ತೊಳೆದಿದ್ದಾರೋ ಇಲ್ಲವೋ ನೋಡಲು ಲ್ಯಾಬ್ ಬೇಡ: ಒಂದು ಬೊಗಸೆ ಜಲ್ಲಿಯನ್ನು ಬಕೆಟ್ಟಿನ ನೀರಿಗೆ ಹಾಕಿ ಕಲಕಿ, ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಲೋಡನ್ನು ವಾಪಸು ಕಳಿಸಿ. 40 ಎಂಎಂ ಕಲ್ಲು ಮಾತ್ರ ಬೇಡ, ಗೋಡೆಗೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ.

ಕೆಲವರು ತಳಕ್ಕೆ ಮರಳು ಹಾಸಿ ಪಕ್ಕಕ್ಕೆ ಜಲ್ಲಿ ತುಂಬುತ್ತಾರೆ. ಎರಡರ ಒಳ್ಳೆಯದೂ ಸಿಗುತ್ತದೆಂಬ ಲೆಕ್ಕ. ನೀರು ಜಲ್ಲಿಯೊಳಗೆ ಹರಿಯುವಾಗ ಮರಳು ಅದರ ಸಂದಿಗಳಿಗೆ ಸೇರಿಕೊಂಡು ತೊಟ್ಟಿಯ ತಳವೇ ಪೊಳ್ಳಾಗುತ್ತದೆ. ತಳಕ್ಕೂ ಜಲ್ಲಿಯೇ ಇರಲಿ, ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇರಲಿ.

ಜಲ್ಲಿಯ ಒಂದು ದೋಷವನ್ನು ಅದರ ಪರವಾದಿಗಳು ಮುಚ್ಚಿಡುತ್ತಾರೆ. ನೀರು ಹೊರಹೋಗದ ಜೇಡಿಮಣ್ಣಿನಲ್ಲಿ ಜಲ್ಲಿ ತುಂಬಿದ ಗುಂಡಿ ಸುತ್ತಲಿನ ಮಳೆನೀರನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. 8 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲದ, ಸಮತಟ್ಟು ತಳದ ತೊಟ್ಟಿಯನ್ನು ಶುಚಿಗೆಂದು ಖಾಲಿ ಮಾಡಿದಾಗ, ಹೊರಗೆ ಅರ್ಧ ಮೀಟರ್ ನೀರು ನಿಂತಿದ್ದರೆ ಅದು ಸುಮಾರು 14 ಟನ್ ಬಲದಿಂದ ಮೇಲಕ್ಕೆತ್ತುತ್ತದೆ. ತೊಟ್ಟಿಯ ತೂಕ ಒಂದು ಟನ್ನಿನ ಆಸುಪಾಸು. ತೇಲದೆ ಇನ್ನೇನಾದೀತು? ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಸುರಿಯುವ ಆಗುಂಬೆಯಂಥ ಕಡೆ ಈ ಲೆಕ್ಕ ತಪ್ಪಿಸಿ ಹೋಗಲಾಗದು. ಮೂಲೆಯಲ್ಲಿ ತಳದವರೆಗೂ ಇಳಿಸಿದ ತೂತಿನ ಸಂಪ್ ಪೈಪು, ಇಳಿಜಾರಿದ್ದರೆ ಹೊರಬೀಳುವ ಬಸಿಗಾಲುವೆ, ಇವಿಲ್ಲದೆ ಜಲ್ಲಿ ಅರ್ಧ ಕೆಲಸ ಮಾತ್ರ. ಪೈಪು ಇದ್ದರೆ ಪಂಪು ಇಳಿಸಿ ನೀರು ತೆಗೆದು ಆಮೇಲೆ ಕೊಳ ಖಾಲಿ ಮಾಡಬಹುದು.

ಆಸ್ಟ್ರೇಲಿಯಾದಲ್ಲಿ ಮರಳಿಗೆ ಸಿಮೆಂಟ್ ಬೆರೆಸಿ ತುಂಬುವ ಪದ್ಧತಿ ಬೇರೂರಿದೆ. ಅದು ಗಟ್ಟಿಯಾಗಿ ನಿಲ್ಲುತ್ತದೆ ನಿಜ. ನಾಳೆ ಪೈಪ್ ರಿಪೇರಿಗೆ ಅಗೆಯಬೇಕಾದರೆ ಉಳಿ ಹಿಡಿಯಬೇಕು.

ಮೇಲೆ ಹೇಳಿದ ಅಳತೆಯ ಕೊಳಕ್ಕೆ ತಳ, ಸುತ್ತು ಸೇರಿ ಸುಮಾರು 15 ಘನ ಮೀಟರ್ ಜಲ್ಲಿ ಸಾಕು, ಎರಡು ಮೂರು ಟಿಪ್ಪರ್ ಲೋಡು. ಅದನ್ನು ಉಳಿಸಹೋಗಿ ಇಡೀ ಕೊಳವನ್ನು ಪಣಕ್ಕಿಡಬೇಡಿ. ಕೊಟೇಷನ್ನಿನಲ್ಲಿ ಜಲ್ಲಿಯ ಅಳತೆ, ತೊಳೆದದ್ದೆಂಬ ಮಾತು, ಬಟ್ಟೆ, ಸಂಪ್ ಪೈಪು ಇಷ್ಟನ್ನೂ ಬರೆಸಿಕೊಳ್ಳಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.