ಒಂದು ಹಗಲಿನ ಹಂಪೆ

ಬೆನ್ನಿಗೊಂದು ಚೀಲ ಬಿಗಿದುಕೊಂಡು, ನಸುಕಿನಲ್ಲಿ ಹೊಸಪೇಟೆಯ ನಿಲ್ದಾಣದಲ್ಲಿ ರೈಲಿನಿಂದಿಳಿಯುವ ಪ್ರವಾಸಿಯನ್ನು ವಾಚಕರು ಕಂಡಿರಬಹುದು. ಅವನು ಪರದೇಶದವನಾಗಿರಬಹುದು, ಬೆಂಗಳೂರಿನ ನಮ್ಮ ಹುಡುಗನೇ ಆಗಿರಬಹುದು. ಅಲ್ಲಿಂದ ಸುಮಾರು ೧೩ ಕಿಲೋಮೀಟರು ದೂರದ ಹಂಪೆಗೆ ಬಂದು, ಹಗಲೆಲ್ಲ ತಿರುಗಿ, ಸಂಜೆ ಬೆಟ್ಟದ ಮೇಲೆ ಕುಳಿತು ಸೂರ್ಯಾಸ್ತ ನೋಡಿ, ರಾತ್ರಿಯ ಗಾಡಿಗೆ ಹಿಂದಿರುಗುತ್ತಾನೆ. ಹಿಂದಿರುಗಿದವನು ಸುಮ್ಮನಿರುವುದಿಲ್ಲ, ಬರೆಯುತ್ತಾನೆ. ಈ ಬಗೆಯ 'ಒಂದು ದಿನದ ಹಂಪೆ' ಬರಹಗಳು ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟಿವೆ, ಕನ್ನಡದಲ್ಲಿಯೂ ಹೆಚ್ಚುತ್ತಿವೆ. ಇವೂ ಒಂದು ಸಾಹಿತ್ಯವೇ ಎಂದು ಮೂಗು ಮುರಿಯುವವರುಂಟು. ಪ್ರವಾಸಕಥನವು ನಮ್ಮ ಭಾಷೆಯಲ್ಲಿ ಗೌರವದ ಪ್ರಕಾರವಾಗಿರುವಾಗ, ಅದರ ಕಿರಿಯ ಕೂಸನ್ನು ಮಾತ್ರ ವಿಮರ್ಶೆಯ ಹೊಸ್ತಿಲಿನ ಹೊರಗೆ ನಿಲ್ಲಿಸುವುದು ನ್ಯಾಯವೆನಿಸದು. ಯಾವೊಬ್ಬ ಲೇಖಕನನ್ನೂ ಹೆಸರಿಸಿ ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಹತ್ತು ಬರಹಗಳನ್ನು ಓದಿದರೂ ಒಂದನ್ನೇ ಹತ್ತು ಸಲ ಓದಿದಂತಾಗುವಷ್ಟು ಅವು ಒಂದನ್ನೊಂದು ಹೋಲುವುದರಿಂದ, ಆ ಒಂದನ್ನು ಪರಿಶೀಲಿಸಿದರೆ ಸಾಕು.

ಮೊದಲು ಗುಣವನ್ನು ಹೇಳಬೇಕು. ಈ ಪ್ರವಾಸಿ ನಡೆಯುತ್ತಾನೆ. ಕಾದ ಬಂಡೆಯ ಮೇಲೆ ಬರಿಗಾಲಿಟ್ಟಾಗ ಅಂಗಾಲು ಚುರುಗುಟ್ಟಿದುದನ್ನು ಬರೆಯುತ್ತಾನೆ. ಹರಿಗೋಲಿನವನೊಡನೆ ಚೌಕಾಶಿ ಮಾಡಿದುದನ್ನು, ಕೊನೆಗೆ ತಾನೇ ಸೋತುದನ್ನು ಮುಚ್ಚಿಡುವುದಿಲ್ಲ. ಬಾಳೆಯ ತೋಟದ ನಡುವಣ ಕಾಲುವೆಯ ನೀರು ಎಷ್ಟು ತಣ್ಣಗಿತ್ತೆಂಬುದು ಅವನಿಗೆ ನೆನಪಿರುತ್ತದೆ. ನಮ್ಮ ಕ್ಷೇತ್ರಮಹಾತ್ಮೆಗಳನ್ನು ಬರೆದವರು ಇಂಥ ಮಾತನ್ನು ಹೇಳಿದ್ದುಂಟೆ? ಅವರ ಹಂಪೆಯಲ್ಲಿ ಬಿಸಿಲೂ ಇಲ್ಲ, ಹಸಿವೂ ಇಲ್ಲ. ಇನ್ನು ನಮ್ಮ ಪಠ್ಯಪುಸ್ತಕದ ಪ್ರಬಂಧಗಳೋ, ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆಯುವುದರಿಂದ ಆರಂಭವಾಗಿ 'ಹಾಳು ಹಂಪೆ' ಎಂಬ ನಿಟ್ಟುಸಿರಿನಲ್ಲಿ ಮುಗಿಯುತ್ತವೆ. ಕಣ್ಣೀರು ಸಿದ್ಧವಾಗಿರುವುದರಿಂದ ಕಣ್ಣು ತೆರೆಯುವ ಅಗತ್ಯವೇ ಬೀಳುವುದಿಲ್ಲ. ಆ ಮಟ್ಟಿಗೆ ಬೆನ್ನಚೀಲದವನ ಬರಹ ಹೆಚ್ಚು ಪ್ರಾಮಾಣಿಕವಾದುದು.

ಆದರೆ ಅವನ ಹಗಲನ್ನು ತುಸು ಹತ್ತಿರದಿಂದ ನೋಡಿರಿ. ಬೆಳಗ್ಗೆ ವಿರೂಪಾಕ್ಷನ ಗುಡಿ. ಒಂಬತ್ತು ನೆಲೆಯ ಗೋಪುರ, ದೇವಾಲಯದ ಆನೆ ಹೊಳೆಯಲ್ಲಿ ಮೀಯುವ ನೋಟ, ಗರ್ಭಗುಡಿಯ ಹಿಂದಣ ಕೋಣೆಯ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಮೂಡುವ ಸೋಜಿಗ, ಮಂಗಗಳು. ಇಷ್ಟಾದೊಡನೆ ಬರಹ ಹೊರಬಾಗಿಲು ಹುಡುಕುತ್ತದೆ. ಉಳಿದುದೆಲ್ಲ ಅಡಚಣೆಯ ಪಟ್ಟಿ: ಪಾದರಕ್ಷೆ ಬಿಡಬೇಕಾಯಿತು, ಕ್ಯಾಮರಾಕ್ಕೆ ಹಣ ಕೇಳಿದರು, ಗಂಟೆಯ ಸದ್ದು ಹೆಚ್ಚಾಗಿತ್ತು, ಜನ ನೂಕಿದರು. ಮಧ್ಯಾಹ್ನ ಅದೇ ಲೇಖಕ ವಿಠ್ಠಲನ ಗುಡಿಗೆ ಹೋಗುತ್ತಾನೆ. ಅಲ್ಲಿ ಪೂಜೆಯಿಲ್ಲ, ಗರ್ಭಗೃಹದಲ್ಲಿ ಮೂರ್ತಿಯಿಲ್ಲ. ಅಲ್ಲಿ ಅವನ ಭಾಷೆ ಹಠಾತ್ತನೆ ಮೃದುವಾಗುತ್ತದೆ. ಶಾಂತಿ, ಪಾವಿತ್ರ್ಯ, ಅನಂತ ಮುಂತಾದ ಮಾತುಗಳು ಸಾಲುಸಾಲಾಗಿ ಬರುತ್ತವೆ. ದೇವರಿಲ್ಲದ ಗುಡಿಯಲ್ಲಿ ಅವನಿಗೆ ದೈವಿಕತೆ. ದೇವರಿರುವ ಗುಡಿಯಲ್ಲಿ ಕಿರಿಕಿರಿ!

ಇದನ್ನು ನಾಸ್ತಿಕತೆಯೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಸರಿಯಾದ ನಿರ್ಣಯವಲ್ಲ. ಬರಿದಾದ ಗುಡಿ ಯಾರಿಂದಲೂ ಏನನ್ನೂ ಕೇಳುವುದಿಲ್ಲ. ಅಲ್ಲಿ ಪ್ರವಾಸಿಯೇ ಒಡೆಯ. ತನ್ನ ಭಾವನೆಗಳನ್ನು ಬೇಕಾದಂತೆ ಹರಡಿಕೊಳ್ಳಬಹುದು. ವಿರೂಪಾಕ್ಷನಲ್ಲಿ ಹಾಗಾಗದು. ಅಲ್ಲಿ ಹಳ್ಳಿಯಿಂದ ಬಂದ ಮುದುಕಿಯೊಬ್ಬಳ ಹಿಂದೆ, ಮಗುವಿನ ಜವಳ ತೆಗೆಸಲು ಬಂದ ಸಂಸಾರವೊಂದರ ಮುಂದೆ ಅವನು ನಿಲ್ಲಬೇಕು. ಆ ಸಾಲಿನಲ್ಲಿ ಅವನು ಲೇಖಕನಲ್ಲ, ಮೂವತ್ತನೆಯವನೋ ನಲವತ್ತನೆಯವನೋ ಆಗಿರುತ್ತಾನೆ. ಅವನಿಗೆ ಸಹಿಸಲಾಗದುದು ಅದೇ. ೧೫೬೫ರ ಯುದ್ಧದಲ್ಲಿ ರಾಜಧಾನಿ ಬಿದ್ದಿತೆಂದು ಪ್ರತಿಯೊಂದು ಬರಹವೂ ಹೇಳುತ್ತದೆ. ಬಿದ್ದ ಮೇಲೂ ವಿರೂಪಾಕ್ಷನ ಪೂಜೆ ಈ ಮುದುಕಿಯಂಥವರಿಂದ ಉಳಿದು ಬಂದಿತೆಂಬುದನ್ನು ಹೇಳುವ ಬರಹ ಅಪರೂಪ. ಕೃಷ್ಣದೇವರಾಯ ೧೫೧೦ರಲ್ಲಿ ಕಟ್ಟಿಸಿದ ರಂಗಮಂಟಪದಲ್ಲಿ ಇಂದಿಗೂ ಜನ ಬುತ್ತಿ ಬಿಚ್ಚಿ ಕೂರುತ್ತಾರೆ. ಪ್ರವಾಸಿ ಅವರನ್ನು ದಾಟಿ ಮೇಲ್ಛಾವಣಿಯ ಚಿತ್ರಗಳತ್ತ ಕ್ಯಾಮರಾ ಎತ್ತುತ್ತಾನೆ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಲೇಬೇಕು. ಗುಡಿಯನ್ನು ನೆಚ್ಚದೆ ದೇಹವನ್ನೇ ದೇಗುಲವೆಂದವರು ನಮ್ಮ ಶರಣರು. ಸ್ಥಾವರವನ್ನು ಬಿಟ್ಟು ಅಂಗೈಯ ಇಷ್ಟಲಿಂಗವನ್ನು ಹಿಡಿದ ಪರಂಪರೆ ನಮ್ಮದು. ಹಾಗಿರುವಾಗ, ಗುಡಿಯಲ್ಲಿ ನಿಲ್ಲಲೊಲ್ಲದ ಈ ಹುಡುಗನನ್ನು ನಾವು ಯಾವ ಮುಖದಿಂದ ಆಕ್ಷೇಪಿಸುವುದು? ಸದಾ ಸಂಚಾರಿಯಾದ ಅವನೇ ಜಂಗಮನಲ್ಲವೆ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಭೇದವೊಂದಿದೆ. ಶರಣರು ಗುಡಿಯ ಭಾರವನ್ನು ಇಳಿಸಿ ಬರಿಗೈಯಲ್ಲಿ ಹೊರಟವರಲ್ಲ. ಆ ಭಾರವನ್ನು ತಮ್ಮ ಮೈಮೇಲೆಯೇ ಹೊತ್ತುಕೊಂಡವರು. ಕಾಯಕದಲ್ಲಿ ನೇಮ, ದಾಸೋಹದಲ್ಲಿ ನೇಮ, ನುಡಿಯಲ್ಲಿಯೂ ನೇಮ. ಗುಡಿಗೆ ಹೋದವನಿಗೆ ಬಾಗಿಲು ಮುಚ್ಚುವ ಹೊತ್ತೆಂಬುದುಂಟು. ದೇಹವೇ ದೇಗುಲವಾದವನಿಗೆ ಆ ಬಿಡುವೂ ಇಲ್ಲ. ನಮ್ಮ ಪ್ರವಾಸಿಯಾದರೋ ಒಂದು ಕಟ್ಟನ್ನು ಬಿಟ್ಟು ಮತ್ತೊಂದನ್ನು ಕಟ್ಟಿಕೊಂಡವನಲ್ಲ. ಚಲನೆಯೊಂದೇ ಜಂಗಮತ್ವವಾಗುವುದಾದರೆ ಹೊಸಪೇಟೆಯ ಬಸ್ಸುಗಳೆಲ್ಲವೂ ಜಂಗಮಗಳೇ.

ಬಡವಿಲಿಂಗದ ಪ್ರಸಂಗವನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾದೀತು. ೧೫೨೮ರ ಉಗ್ರನರಸಿಂಹನ ಪಕ್ಕದಲ್ಲಿ, ಒಂದು ಸಣ್ಣ ಗುಡಿಯೊಳಗೆ, ಸುಮಾರು ೩ ಮೀಟರು ಎತ್ತರದ ಲಿಂಗ ನೀರಿನಲ್ಲಿ ನಿಂತಿದೆ. ಬಡವಿಯೊಬ್ಬಳು ನಿಲ್ಲಿಸಿದಳೆಂದು ಐತಿಹ್ಯ. ಕೆಲವು ವರ್ಷಗಳ ಹಿಂದಿನವರೆಗೂ ವಯೋವೃದ್ಧ ಅರ್ಚಕರೊಬ್ಬರು ಬಾಗಿದ ಬೆನ್ನಿನಲ್ಲಿಯೇ ಆ ನೀರಿಗಿಳಿದು, ಲಿಂಗದ ಮೇಲಕ್ಕೆ ಕಾಲಿಟ್ಟು ಹತ್ತಿ, ಒರೆಸಿ, ಪೂಜಿಸುತ್ತಿದ್ದರು. ಈಗ ಅವರಿಲ್ಲ. ಅವರ ಚಿತ್ರ ಪ್ರವಾಸಿಗರ ಬರಹಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕೆಳಗೊಂದು ಬೆರಗಿನ ವಾಕ್ಯ: ದೇವರ ಮೇಲೆಯೇ ಕಾಲಿಡುವ ಪೂಜಾರಿ! ಅಲ್ಲಿಗೆ ಮುಗಿಯಿತು. ಹಂಪೆಯ ಹರಿಹರ ಕವಿಯ ಕಣ್ಣಪ್ಪನ ರಗಳೆಯನ್ನು ಬಲ್ಲವನು ಆ ದೃಶ್ಯದ ಮುಂದೆ ನಿಂತಿದ್ದರೆ ಏನಾಗುತ್ತಿತ್ತು? ತನ್ನ ಎರಡನೆಯ ಕಣ್ಣನ್ನೂ ಕಿತ್ತಿಡಲು ಹೊರಟ ಬೇಡ, ಕುರುಡಾದ ಮೇಲೆ ಜಾಗ ತಿಳಿಯದೆಂದು ಲಿಂಗದ ಮೇಲೆ ಕಾಲಿಟ್ಟು ಗುರುತು ಮಾಡಿಕೊಂಡ ಕಥೆ ಅವನಿಗೆ ನೆನಪಾಗುತ್ತಿತ್ತು. ಭಕ್ತಿಯಲ್ಲಿ ಮರ್ಯಾದೆ ಯಾವುದು, ಸಲಿಗೆ ಯಾವುದು ಎಂದು ಶತಮಾನಗಳಿಂದ ನಡೆದು ಬಂದ ವಾದವೆಲ್ಲ ಆ ಒಂದು ಹೆಜ್ಜೆಯಲ್ಲಿತ್ತು. ಚಿತ್ರ ತೆಗೆದವನಿಗೆ ಅದು ವಿಚಿತ್ರವಾಗಿ ಕಂಡಿತು. ಅವನು ಅದನ್ನು ಅರಿಯದೆ ಹೋದುದು ತಪ್ಪಲ್ಲ. 'ಏಕೆ ಹೀಗೆ?' ಎಂದು ಆ ವೃದ್ಧರನ್ನು ಕೇಳದೆ ಹೋದುದು ತಪ್ಪು.

ಒಂದು ದಿನದ ಅಲ್ಪಾವಧಿಯೇ ದೋಷವೆಂದು ನಾನು ಹೇಳುತ್ತಿಲ್ಲ. ಸುಮಾರು ೧೫೨೦ರಲ್ಲಿ ಹಂಪೆಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ನಮ್ಮ ಬೆನ್ನಚೀಲದವರ ಹಿರಿಯಣ್ಣ. ಅವನೂ ಬೆಟ್ಟವೇರಿದ. ಆದರೆ ಬೆಟ್ಟವೇರಿಯೂ ಪಟ್ಟಣವೆಲ್ಲ ಕಾಣಲಿಲ್ಲವೆಂದು, ಸಾಲುಬೆಟ್ಟಗಳ ನಡುವೆ ಅದು ಮರೆಯಾಗಿ ಹರಡಿದೆಯೆಂದು ಒಪ್ಪಿಕೊಂಡ. ಕಂಡಷ್ಟೇ ರೋಮಿನಷ್ಟು ದೊಡ್ಡದಾಗಿ ತೋರಿತೆಂದ. ತನಗೆ ಕಾಣದಿದ್ದುದು ಉಂಟೆಂಬ ಆ ಒಪ್ಪಿಗೆಯಿಂದಲೇ ಅವನ ಬರಹ ಇಂದಿಗೂ ನಂಬಿಕೆಗೆ ಅರ್ಹವಾಗಿದೆ. ಇಂದಿನ ಬರಹದಲ್ಲಿ ಇದು ಕಾಣದು. ಪ್ರವಾಸಿ ಮತಂಗ ಬೆಟ್ಟದ ತುದಿಯಲ್ಲಿ ನಿಂತೊಡನೆ 'ಇಡೀ ಹಂಪೆ ನನ್ನ ಕಣ್ಣೆದುರಿಗೆ' ಎನ್ನುತ್ತಾನೆ. ಕಲ್ಲಿನ ರಥವನ್ನು ಕಂಡು, ಐದು ಶತಮಾನಗಳಿಂದ ಕೊಂಚವೂ ಬದಲಾಗದೆ ನಿಂತಿದೆಯೆನ್ನುತ್ತಾನೆ. ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವಿದೆ; ಇಂದು ಅದಿಲ್ಲ. ೨೦೧೭ರ ಐವತ್ತು ರೂಪಾಯಿಯ ನೋಟಿನ ಮೇಲಿರುವುದು ಶಿಖರ ಕಳೆದುಕೊಂಡ ರಥ.

ಇದಕ್ಕಿಂತ ನೋವಿನದು ಬೀದಿಯ ಸಂಗತಿ. ವಿರೂಪಾಕ್ಷನ ಮುಂದಣ ತೇರುಬೀದಿಯ ಸಾಲುಮಂಟಪಗಳಲ್ಲಿ ಬಹುಕಾಲ ಸಂಸಾರಗಳು ನೆಲೆಸಿದ್ದವು. ಅಂಗಡಿ ಇಟ್ಟವರು, ಚಹಾ ಕಾಯಿಸುವವರು, ಪ್ರವಾಸಿಗೆ ಕೋಣೆ ಕೊಟ್ಟು ಉಣಬಡಿಸಿದವರು ಅವರೇ. ಸ್ಮಾರಕಗಳ ರಕ್ಷಣೆಯ ಕಾರಣದಿಂದ ೨೦೧೧ರಲ್ಲಿ ಅವರನ್ನು ಎಬ್ಬಿಸಲಾಯಿತು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ವಸತಿಗೃಹಗಳನ್ನು ೨೦೨೦ರಲ್ಲಿ ಕೆಡವಲಾಯಿತು. ಕಂಬಗಳನ್ನು ಉಳಿಸಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ; ೨೦೨೪ರ ಮಳೆಗೆ ಆ ಸಾಲುಮಂಟಪದ ಒಂದು ಭಾಗ ಕುಸಿದುದನ್ನು ನೆನೆದರೆ ಕಾಳಜಿ ಇನ್ನೂ ಹೆಚ್ಚಬೇಕು. ಆದರೆ ಬರಹಗಳ ಮಾತು ಬೇರೆ. ೨೦೧೧ಕ್ಕೆ ಮುಂಚಿನ ಬರಹ 'ಗದ್ದಲದ ಬೀದಿ' ಎಂದು ದೂರುತ್ತದೆ. ಅನಂತರದ ಬರಹ 'ಈಗ ಎಷ್ಟು ನಿರ್ಮಲ!' ಎಂದು ಮೆಚ್ಚುತ್ತದೆ. ಗದ್ದಲ ಮಾಡುತ್ತಿದ್ದವರು ಎಲ್ಲಿ ಹೋದರೆಂದು ಎರಡೂ ಕೇಳುವುದಿಲ್ಲ. ಉಂಡ ಮನೆಯ ನೆನಪಿಲ್ಲದ ಪ್ರವಾಸಕಥನ, ದಾಸೋಹದ ಪಂಕ್ತಿಯಲ್ಲಿ ಬೆಳೆದ ನಮ್ಮಂಥ ಓದುಗರಿಗೆ ಹೇಗೆ ರುಚಿಸೀತು?

ಹೀಗೆ ಬರೆಯುತ್ತ ಬಂದಂತೆ ನನ್ನ ಲೇಖನಿ ನಮ್ಮವರ ಕಡೆಗೂ ತಿರುಗಬೇಕಾಗಿದೆ. ನಾವು ಹಂಪೆಗೆ ಹೋಗುವುದು ಹೇಗೆ? ಬಸ್ಸೊಂದನ್ನು ಗೊತ್ತುಮಾಡಿ, ಒಂದೇ ದಿನದಲ್ಲಿ ತುಂಗಭದ್ರಾ ಅಣೆಕಟ್ಟು, ವಿರೂಪಾಕ್ಷ, ಕಲ್ಲಿನ ರಥ, ಆನೆಯ ಲಾಯ ಇಷ್ಟನ್ನೂ ಮುಗಿಸುತ್ತೇವೆ. ದರ್ಶನಕ್ಕೆ ಹತ್ತು ನಿಮಿಷ, ಊಟಕ್ಕೆ ಒಂದು ಗಂಟೆ. ಬೆನ್ನಚೀಲದವನು ನಡೆದಷ್ಟೂ ನಾವು ನಡೆಯುವುದಿಲ್ಲ. ಮಠದ ಪ್ರಸಾದನಿಲಯದಲ್ಲಿದ್ದು ಪರೀಕ್ಷೆಗೆಂದು ಹರಿಹರನ ರಗಳೆಗಳನ್ನೂ ಗಿರಿಜಾಕಲ್ಯಾಣವನ್ನೂ ಓದಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಆ ಕಲ್ಯಾಣವೇ ಇಂದಿಗೂ ಪ್ರತಿ ಚೈತ್ರದಲ್ಲಿ ಪಂಪಾವಿರೂಪಾಕ್ಷರ ವಿವಾಹೋತ್ಸವವಾಗಿ ಆ ಬೀದಿಯಲ್ಲಿ ನಡೆಯುತ್ತದೆಂಬುದನ್ನು ಅವರಲ್ಲಿ ಎಷ್ಟು ಜನ ಮಕ್ಕಳಿಗೆ ತೋರಿಸಿ ಹೇಳಿದ್ದೇವೆ? ರಾಘವಾಂಕ ಬೆಳೆದ ಊರು ಅದು. ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ನೆರೆದ ಊರು; ಚಾಮರಸ ಪ್ರಭುಲಿಂಗಲೀಲೆಯನ್ನು ಬರೆದ ಊರು; ದಂಡನಾಥನಾಗಿದ್ದೂ ಲಕ್ಕಣ್ಣ ದಂಡೇಶ ಶಿವತತ್ತ್ವಚಿಂತಾಮಣಿಯನ್ನು ರಚಿಸಿದ ಊರು. ಹನ್ನೆರಡನೆಯ ಶತಮಾನದಲ್ಲಿ ಚದುರಿದ ವಚನಗಳನ್ನು ಮತ್ತೆ ಕೂಡಿಸುವ ಕೆಲಸ ಊರ್ಜಿತವಾದುದು ಆ ನೆರಳಿನಲ್ಲಿ. ಇಂದು ನಾವು ವಚನಗಳನ್ನು ಓದುತ್ತಿರುವುದರಲ್ಲಿ ಆ ಊರಿನ ಋಣವುಂಟು. ಪರದೇಶದ ಹುಡುಗನಿಗೆ ಇದು ತಿಳಿಯದು, ತಿಳಿಯಬೇಕೆಂದು ಒತ್ತಾಯವೂ ಇಲ್ಲ. ತಿಳಿದ ನಾವೂ ರಥದ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಬಂದೆವಲ್ಲ!

ಹರಿಹರನ ವಿಷಯದಲ್ಲಿ ಒಂದು ಐತಿಹ್ಯವನ್ನು ಹಿರಿಯರು ಹೇಳುತ್ತಿದ್ದರು. ಹಳೇಬೀಡಿನಲ್ಲಿ ಕರಣಿಕನಾಗಿದ್ದಾಗ, ಲೆಕ್ಕ ಬರೆಯುತ್ತ ಬರೆಯುತ್ತ ಅವನು ಥಟ್ಟನೆ ಕಡತವನ್ನು ಕೈಗಳಲ್ಲಿ ಹೊಸಕಿದನಂತೆ. ಕೇಳಿದರೆ, ಹಂಪೆಯ ವಿರೂಪಾಕ್ಷನ ಮುಂದಣ ತೆರೆಗೆ ಬೆಂಕಿ ತಗುಲಿತ್ತು, ಆರಿಸಿದೆ ಎಂದನಂತೆ. ವಿಚಾರಿಸಿ ನೋಡಿದಾಗ ಅದು ನಿಜವಾಗಿತ್ತಂತೆ. ಚರಿತ್ರಕಾರರು ಒಪ್ಪುವ ಕಥೆಯಲ್ಲ, ಒಪ್ಪಬೇಕಾಗಿಯೂ ಇಲ್ಲ. ಒಂದು ದಿನದ ಹಂಪೆಯ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಕಥೆ ನೆನಪಾಗುತ್ತದೆ: ಹಳೇಬೀಡಿನಲ್ಲಿ ಕುಳಿತೇ ಹಂಪೆಯಲ್ಲಿದ್ದ ಕರಣಿಕನೂ, ಹಂಪೆಯಲ್ಲಿ ನಿಂತು ಮುಂದಿನ ಊರಿನ ಗಾಡಿಯ ವೇಳೆ ನೋಡುವ ಪ್ರವಾಸಿಯೂ ಒಟ್ಟಿಗೆ ಕಣ್ಣಮುಂದೆ ಬರುತ್ತಾರೆ.

ಆ ಬರಹಗಳೆಲ್ಲವೂ ಮುಗಿಯುವುದು ಮತಂಗ ಬೆಟ್ಟದ ಸೂರ್ಯಾಸ್ತದಲ್ಲಿ. ಎಲ್ಲರೂ ಕುಳಿತು ನೋಡುವುದು ಒಂದು ಕಲ್ಲಿನ ಮಾಳಿಗೆಯ ಮೇಲಿನಿಂದ. ಆ ಮಾಳಿಗೆ ಯಾವುದರದೆಂದು ಹೆಚ್ಚಿನವರು ಬರೆಯುವುದಿಲ್ಲ: ಅದು ವೀರಭದ್ರನ ಗುಡಿ. ಬೆಟ್ಟ ಹತ್ತಲಾರದ ವಾಚಕರಿಗೆ ಕೆಳಗೊಬ್ಬ ವೀರಭದ್ರನಿದ್ದಾನೆ. ಹಂಪೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿ, ಚಂಡಿಕೇಶ್ವರನ ಗುಡಿಯ ಎದುರಿಗೆ, ಬಿಲ್ಲುಬಾಣ ಕತ್ತಿಗುರಾಣಿಗಳನ್ನು ಹಿಡಿದು ಆಳೆತ್ತರಕ್ಕೂ ಮೀರಿ ನಿಂತ ಉದ್ದಾನ ವೀರಭದ್ರ. ೧೫೪೫ರಲ್ಲಿ ಅವನನ್ನು ಪ್ರತಿಷ್ಠಾಪಿಸಿದ ದಳವಾಯಿಯ ಹೆಸರು ಜಂಗಮಯ್ಯ. ಪೂಜೆ ಇಂದಿಗೂ ನಡೆಯುತ್ತಿದೆ. ಮುಂದಿನ ಸಲ ನೀವು ಬಸ್ಸಿನಲ್ಲಿ ಆ ದಾರಿ ಹಿಡಿದಾಗ, ಚಾಲಕನಿಗೆ ಮೊದಲೇ ಹೇಳಿಡಿರಿ. ಸಾಮಾನ್ಯವಾಗಿ ಅಲ್ಲಿ ನಿಲ್ಲಿಸುವುದಿಲ್ಲ.