ಶ್ರೀನಿವಾಸಪುರದ ಅಧ್ಯಯನ ಅರಕೇರಾಕ್ಕೆ ಬಂದರೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರವು 2018ರಲ್ಲಿ ಒಂದು ದೀರ್ಘಾವಧಿ ಅಧ್ಯಯನವನ್ನು ಆರಂಭಿಸಿತು. 45 ವರ್ಷ ದಾಟಿದ 10,000 ಮಂದಿಯ ನೆನಪು, ರಕ್ತ ಹಾಗೂ ಮೆದುಳಿನ ಚಿತ್ರಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮರೆಗುಳಿತನ ಹೇಗೆ ಬರುತ್ತದೆಂದು ತಿಳಿಯುವುದು ಅದರ ಗುರಿ. ಅಕ್ಷರ ಬಾರದವರಿಗೂ ಒಗ್ಗುವ ಪರೀಕ್ಷೆಗಳನ್ನು ಬಳಸಿದ್ದೊಂದೇ ಮೆಚ್ಚಲು ಸಾಕು.

ಆದರೆ 10,000 ಎಂಬ ಸಂಖ್ಯೆಗೆ ಮಾರುಹೋಗಬೇಡಿ. ಮಾದರಿಯನ್ನು ಹತ್ತು ಪಟ್ಟು ಹಿಗ್ಗಿಸಿದರೆ ಯಾದೃಚ್ಛಿಕ ದೋಷ ಸುಮಾರು ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೆ. ವ್ಯವಸ್ಥಿತ ದೋಷ ಕದಲುವುದೇ ಇಲ್ಲ. ಸೊನ್ನೆ ತಪ್ಪಿದ ತಕ್ಕಡಿಯಲ್ಲಿ ಸಾವಿರ ಸಲ ತೂಗಿದಂತೆ.

ದೇವದುರ್ಗ ಸೀಮೆಯ ಅರಕೇರಾದಲ್ಲಿ ಇದೇ ವಿಧಾನ ಅನುಸರಿಸಿದರೆ? ಸುಗ್ಗಿ ಮುಗಿದ ಮೇಲೆ ಈ ಭಾಗದ ಎಷ್ಟೋ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗುತ್ತವೆ. ಗಟ್ಟಿಮುಟ್ಟಾದವರು ಹೊರಟರೆ ಊರು ನಿಜಕ್ಕಿಂತ ರೋಗಿಷ್ಠವಾಗಿ ಕಾಣುತ್ತದೆ. ಹಾಸಿಗೆ ಹಿಡಿದವರು ಶಿಬಿರಕ್ಕೆ ಬಾರದಿದ್ದರೆ ಆರೋಗ್ಯವಂತವಾಗಿ. ಯಾವುದು ದೊಡ್ಡದೆಂದು ಸೂತ್ರ ಹೇಳಲಾರದು, ಮನೆಮನೆಯ ಲೆಕ್ಕ ಬಲ್ಲ ಆಶಾ ಕಾರ್ಯಕರ್ತೆ ಹೇಳಬಲ್ಲರು. ಸಹಭಾಗಿತ್ವವನ್ನು ಬರೀ ಸೌಜನ್ಯವೆಂದು ಬಗೆಯುವವರು ಇದನ್ನು ಮರೆಯುತ್ತಾರೆ.

ನನ್ನ ಮುಖ್ಯ ತಕರಾರು ಬೇರೆ. ಪ್ರಶ್ನೆ ಯಾರದು? ಕೋಲಾರ, ರಾಯಚೂರು ಎರಡೂ ಜಿಲ್ಲೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ರಕ್ತ ಕೊಡುವ ರೈತ ಮರೆವಿಗಿಂತ ಮೊದಲು ತನ್ನ ಮೊಣಕಾಲಿನ ಬಗ್ಗೆ, ಕುಡಿಯುವ ನೀರಿನ ಬಗ್ಗೆ ಕೇಳಿಯಾನು. ಅದಕ್ಕೆ ಪ್ರಶ್ನಾವಳಿಯಲ್ಲಿ ಜಾಗವಿರಬೇಕು, ನೀರಿನ ಮಾದರಿಯೂ ರಕ್ತದ ಜೊತೆಗೇ ಪ್ರಯೋಗಾಲಯಕ್ಕೆ ಹೋಗಬೇಕು, ಫಲಿತಾಂಶ ಕನ್ನಡದಲ್ಲಿ ಗ್ರಾಮಸಭೆಗೆ ಮರಳಬೇಕು, ಎರಡನೆಯ ಸುತ್ತಿನ ಪರೀಕ್ಷೆ ಶುರುವಾಗುವ ಮೊದಲೇ.