ಏಜಾಕ್ಸ್ ಪೆಟ್ಟಿಗೆಯೊಳಗಿನ ಡೆಲ್ಲಿ

ಏರ್‌ಫಿಕ್ಸ್ ಕಂಪನಿಯ ಏಜಾಕ್ಸ್ ಯುದ್ಧನೌಕೆಯ ಕಿಟ್ 1960ರ ದಶಕದ್ದು. ಪ್ರಮಾಣ 1:600. ಅದರ ಬಗ್ಗೆ ಕೇಳಿಬರುವ ದೂರುಗಳೂ ಅಷ್ಟೇ ಹಳೆಯವು: ಫಿರಂಗಿ ನಳಿಗೆ ದಪ್ಪ, ವಿವರ ಕಮ್ಮಿ, ಅಂಚಿನಲ್ಲೆಲ್ಲ ಫ್ಲ್ಯಾಶ್, ಅಂದರೆ ಅಚ್ಚಿನಿಂದ ಉಕ್ಕಿ ನಿಂತ ಪ್ಲಾಸ್ಟಿಕ್ ಪೊರೆ. ಯಾವ ದೂರೂ ಸುಳ್ಳಲ್ಲ. ಆದರೆ ಮುಂಬಯಿಯಲ್ಲಿ ಕೂತು ಇದನ್ನು ಕಟ್ಟುವವರು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ್ದು ಬೇರೆಯೇ ಇದೆ. ಈ ಪೆಟ್ಟಿಗೆಯಿಂದ ಹೊರಬರಬೇಕಾದ್ದು ಯಾವ ಹಡಗು, ಅದೂ ಯಾವ ವರ್ಷದ್ದು?

ಏಜಾಕ್ಸ್‌ಗೆ ಅಕಿಲೀಸ್ ಎಂಬ ಸೋದರಿ ಇತ್ತು. ಎರಡೂ ಬ್ರಿಟನ್ನಿನ ಲಿಯಾಂಡರ್ ವರ್ಗದ ಲಘು ಕ್ರೂಸರುಗಳು. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಮುಖದಾಚೆ ಎಕ್ಸೆಟರ್ ಎಂಬ ಮೂರನೆಯ ಹಡಗನ್ನೂ ಸೇರಿಸಿಕೊಂಡು ಜರ್ಮನಿಯ ಗ್ರಾಫ್ ಸ್ಪೇ ಯುದ್ಧನೌಕೆಯ ಮೇಲೆ ಎರಗಿದ್ದು ಇವೇ. ಯುದ್ಧ ಮುಗಿದ ಮೇಲೆ ಏಜಾಕ್ಸ್ 1949ರಲ್ಲಿ ಗುಜರಿಗೆ ಹೋಯಿತು. ಅಕಿಲೀಸ್ ಹೋಗಲಿಲ್ಲ. ಭಾರತ ಅದನ್ನು ಕೊಂಡು 1948ರ ಜುಲೈ 5ರಂದು ‘ಡೆಲ್ಲಿ’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 1950ರಲ್ಲಿ ನೆಹರೂ ಇಂಡೋನೇಷ್ಯಾಕ್ಕೆ ಹೋದದ್ದು ಇದರಲ್ಲೇ. 1961ರ ಡಿಸೆಂಬರಿನಲ್ಲಿ ದೀವ್ ಕೋಟೆಯ ಮೇಲೆ ಗುಂಡು ಸುರಿಸಿದ್ದೂ ಇದೇ. 1978ರ ಜೂನ್ 30ರಂದು ಬೊಂಬಾಯಿಯಲ್ಲಿ ನಿವೃತ್ತಿಯಾಯಿತು. ಅಂದರೆ ನಮ್ಮ ಬಾವುಟದಡಿ ಸುಮಾರು ಮೂವತ್ತು ವರ್ಷ. ಅದರ ಹಿಂದಿನ ಬದುಕು ಹದಿನೈದು ವರ್ಷವೂ ತುಂಬಿರಲಿಲ್ಲ. ಹೀಗಿದ್ದೂ ಮಾಡೆಲ್ ಕಟ್ಟುವವರ ಪಾಲಿಗೆ ಈ ಸೋದರಿಯರ ಚರಿತ್ರೆಯೆಲ್ಲ 1939ರ ಡಿಸೆಂಬರಿನ ಆ ಒಂದು ಬೆಳಗ್ಗೆಗೇ ಅಂಟಿಕೊಂಡಿದೆ. ನನ್ನ ತಕರಾರು ಇರುವುದು ಇಲ್ಲಿ.

ಮೊದಲು ಕಿಟ್‌ನ ಗುಣದೋಷ ನೋಡೋಣ. ನಿಜವಾದ ಹಡಗು 169 ಮೀಟರ್ ಉದ್ದ, ಕಿಟ್ ಕಟ್ಟಿದಾಗ ಇಪ್ಪತ್ತೆಂಟು ಸೆಂಟಿಮೀಟರ್ ಚಿಲ್ಲರೆ. ಒಡಲು ಎಡ, ಬಲ ಎಂದು ಎರಡು ಹೋಳು. ಮೂತಿಯಿಂದ ತಳದವರೆಗೂ ಬೆಸುಗೆಯ ಗೆರೆ ಓಡುತ್ತದೆ. ಅದನ್ನು ಪುಟ್ಟಿ ತುಂಬಿ ಮರಳುಕಾಗದದಲ್ಲಿ ತೀಡದೆ ಗತಿಯಿಲ್ಲ. ಈ ಕೆಲಸದಲ್ಲಿ ಅವಸರ ಮಾಡಿದವರ ಹಡಗು ಎಷ್ಟು ಚೆನ್ನಾಗಿ ಬಣ್ಣ ಬಳಿದರೂ ಆಟಿಕೆಯಾಗಿಯೇ ಉಳಿಯುತ್ತದೆ. ಆರಿಂಚಿನ ಫಿರಂಗಿಯ ನಳಿಗೆ ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ಅಂದಿನ ಅಚ್ಚುಗಳಿಂದ ಅಷ್ಟು ತೆಳುವಾದದ್ದು ಎಲ್ಲಿ ಬರಬೇಕು? ಆದರೂ ಹಡಗಿನ ಮೈಕಟ್ಟನ್ನು ಅಚ್ಚು ಕೊರೆದವರು ಹಿಡಿದಿದ್ದಾರೆ. ನಡುವೆ ಒಂದೇ ದಪ್ಪ ಹೊಗೆಕೊಳವೆ, ಅದರ ಹಿಂದೆ ಕವಣೆಯಂತ್ರ, ಮುಂದೆರಡು ಹಿಂದೆರಡು ಜೋಡಿಫಿರಂಗಿಯ ಗೋಪುರ: ದೂರದಿಂದ ನೋಡಿದವರಿಗೂ ಲಿಯಾಂಡರ್ ವರ್ಗ ಎಂದು ಗೊತ್ತಾಗುತ್ತದೆ. ನಳಿಗೆ ದಪ್ಪವಾದರೆ ಹಿತ್ತಾಳೆಯ ತಂತಿ ಹಾಕಬಹುದು. ಮೈಕಟ್ಟೇ ತಪ್ಪಿದ್ದರೆ ಯಾರಿಂದಲೂ ಸರಿಪಡಿಸಲು ಆಗುತ್ತಿರಲಿಲ್ಲ.

ಈಗ ರೂಢಿಯಲ್ಲಿರುವ ‘ಡೀಟೇಲಿಂಗ್’ ಎಂದರೆ ಸೇರಿಸುತ್ತ ಹೋಗುವುದು. ರಾಸಾಯನಿಕವಾಗಿ ಕೊರೆದ ‘ಫೋಟೋ-ಎಚ್’ ಹಿತ್ತಾಳೆಯ ಕಂಬಿಬೇಲಿ, ಏಣಿ, ರೇಡಾರ್ ಜಾಳಿಗೆ, ಲೋಹದ ನಳಿಗೆ. ಒಂದು ಮೀಟರ್ ಎತ್ತರದ ಬೇಲಿ ಈ ಪ್ರಮಾಣದಲ್ಲಿ 1.7 ಮಿಲಿಮೀಟರ್. ಅದನ್ನು ಬಾಗದಂತೆ ಡೆಕ್ಕಿನ ಅಂಚಿಗೆ ಕೂರಿಸುವ ಕೈಗಳ ಬಗ್ಗೆ ನನಗೆ ಗೌರವವಿದೆ. ಆದರೆ ಬೇಲಿಗೆ ಎರಡು ಪದರ ಬಣ್ಣ ಬಿದ್ದರೆ ಸಾಕು, ಕಂಬಿ ತೊಲೆಯಾಗುತ್ತದೆ. ಇಷ್ಟು ಚಿಕ್ಕ ಹಡಗಿಗೆ ಬೇಲಿಯೇ ಬೇಡ ಎಂದು ಬಿಟ್ಟ ಮಾಡೆಲುಗಳು ನನ್ನ ಕಣ್ಣಿಗೆ ಎಷ್ಟೋ ಸಲ ಹೆಚ್ಚು ನಿಜ ಅನಿಸಿವೆ. ಇನ್ನೂ ವಿಚಿತ್ರವೆಂದರೆ, ನೂರು ತುಣುಕು ಹಿತ್ತಾಳೆ ಅಂಟಿಸಿದವರೂ ಆ ವಿವರಗಳೆಲ್ಲ ಒಂದೇ ವರ್ಷಕ್ಕೆ ಸೇರಿದವೇ ಎಂದು ನೋಡಿರುವುದಿಲ್ಲ.

ಡೆಲ್ಲಿಯನ್ನು ಕಟ್ಟಹೊರಟರೆ ಈ ನೋಟ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಏಕೆಂದರೆ ಅಲ್ಲಿ ಮೊದಲ ಕೆಲಸ ತೆಗೆಯುವುದು. 1943ರ ಜನವರಿಯಲ್ಲಿ ಪೆಸಿಫಿಕ್ಕಿನ ಗ್ವಾಡಲ್‌ಕನಾಲ್ ಬಳಿ ಅಕಿಲೀಸ್‌ನ ಹಿಂಭಾಗದ ಎತ್ತರದ ಗೋಪುರಕ್ಕೆ, ನೌಕಾಪಡೆಯ ಭಾಷೆಯಲ್ಲಿ ‘ಎಕ್ಸ್’ ಗೋಪುರಕ್ಕೆ, ಜಪಾನಿ ಬಾಂಬು ಬಿತ್ತು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ದುರಸ್ತಿಯಾದಾಗ ಆ ಗೋಪುರವನ್ನೇ ಕಳಚಿ, ಹಡಗಿಗೆ ವಿಮಾನನಿರೋಧಕ ಫಿರಂಗಿಗಳನ್ನು ಹೆಚ್ಚಿಸಿದರು. ಹಾಗಾಗಿ ಬೊಂಬಾಯಿಗೆ ಬಂದ ಹಡಗಿನಲ್ಲಿ ಆರಿಂಚಿನ ಫಿರಂಗಿ ಎಂಟಲ್ಲ, ಆರು. ಕಿಟ್‌ನ ನಾಲ್ಕು ಗೋಪುರಗಳಲ್ಲಿ ಒಂದನ್ನು ಪಕ್ಕಕ್ಕಿಡಬೇಕು. ಕವಣೆಯಂತ್ರ, ಅದರ ಮೇಲಿನ ಪುಟ್ಟ ಸೀಫಾಕ್ಸ್ ವಿಮಾನ ಎರಡೂ ಹೋಗಬೇಕು. ಒಂಟಿಕಂಬದ ಪಟಸ್ತಂಭ ಕಿತ್ತು ರೇಡಾರ್ ಹೊರುವ ಮೂರು ಕಾಲಿನ ಸ್ತಂಭ ನಿಲ್ಲಿಸಬೇಕು. ಅದಕ್ಕೆ ಕಿಟ್‌ನದೇ ಸ್ಪ್ರೂ ಕಡ್ಡಿಯನ್ನು (ಬಿಡಿಭಾಗಗಳನ್ನು ಹಿಡಿದಿಡುವ ಚೌಕಟ್ಟಿನ ಕಡ್ಡಿ) ಮೇಣದಬತ್ತಿಯ ಮೇಲೆ ಹಿಡಿದು ಎಳೆದರೆ ಸಾಕು. ಪಾಲಿಸ್ಟೈರೀನ್ ಮೆತ್ತಗಾದಾಗ ಕೂದಲಿನಷ್ಟು ಸಣ್ಣಗೆ ಹಿಗ್ಗುತ್ತದೆ, ಹಗ್ಗಗಳಿಗೂ ಅದೇ ಆಗುತ್ತದೆ. (ಬಾಂದ್ರಾದಲ್ಲಿದ್ದು ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ವೃತ್ತಿಯಿಂದ ಪಾಲಿಮರ್ ತಂತ್ರಜ್ಞರಾಗಿದ್ದರು. ಈ ಪದಾರ್ಥದ ಹಟ, ಸಡಿಲ ಎರಡನ್ನೂ ಅವರಷ್ಟು ಬಲ್ಲ ಕನ್ನಡ ಕಾದಂಬರಿಕಾರ ಇನ್ನೊಬ್ಬರಿಲ್ಲ.)

ಎಕ್ಸ್ ಗೋಪುರ ತೆಗೆದ ಜಾಗದಲ್ಲಿ ಕಿಟ್ ಒಂದು ತೂತು ಬಿಡುತ್ತದೆ. ಅದನ್ನು ತೆಳುಹಾಳೆಯಿಂದ ಮುಚ್ಚಿ ಮೇಲೆ ಫಿರಂಗಿ ವೇದಿಕೆ ಕಟ್ಟುವುದೇ ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದದ್ದು. ಅಲ್ಲಿ ಫೋಟೋ ನೋಡದೆ ಮುಂದುವರಿದರೆ ಊಹೆ ಬೆಳೆಯುತ್ತದೆ. ಡೆಲ್ಲಿಯ ಫೋಟೋಗಳಂತೂ ದಿನಾಂಕದ ಮೇಲೆ ಬದಲಾಗುತ್ತವೆ.

ಇದಕ್ಕೆ ಒಂದು ರಸವತ್ತಾದ ಸಾಕ್ಷಿ ಸಿನಿಮಾದಲ್ಲಿದೆ. 1956ರಲ್ಲಿ ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಜೋಡಿ ಪ್ಲೇಟ್ ನದಿಯ ಕಾಳಗದ ಬಗ್ಗೆ ಚಿತ್ರ ಮಾಡಿದಾಗ ಅಕಿಲೀಸ್ ಪಾತ್ರಕ್ಕೆ ಬಂದದ್ದು ಸ್ವತಃ ಐ.ಎನ್.ಎಸ್. ಡೆಲ್ಲಿ. ಏಜಾಕ್ಸ್ ಆಗಿ ನಟಿಸಿದ್ದು ಶೆಫೀಲ್ಡ್, ಗ್ರಾಫ್ ಸ್ಪೇ ಆಗಿ ಅಮೆರಿಕದ ಸೇಲಂ. ಸೇಲಂ ಯಾವ ಕೋನದಿಂದ ನೋಡಿದರೂ ಗ್ರಾಫ್ ಸ್ಪೇ ಅಲ್ಲ, ಅದು ಎಲ್ಲರಿಗೂ ಗೊತ್ತು. ಡೆಲ್ಲಿಯೂ 1939ರ ಅಕಿಲೀಸ್ ಅಲ್ಲ ಎಂಬುದನ್ನು ಗಮನಿಸಿದವರು ಕಮ್ಮಿ. ಒಂದು ಗೋಪುರವಿಲ್ಲ, ಸ್ತಂಭಗಳು ಬೇರೆ. ತನ್ನದೇ ಯೌವನದ ವೇಷ ಹಾಕಲು ರಂಗಸ್ಥಳಕ್ಕೆ ಬಂದ ಹಿರಿಯ ಯಕ್ಷಗಾನ ಕಲಾವಿದನಿಗೆ ಹಳೆಯ ಕಿರೀಟ ಕೂರದಂತಾಗಿತ್ತು ಅದರ ಸ್ಥಿತಿ. ಉಕ್ಕು ಅದೇ ಆದ ಹಡಗೇ ತನ್ನ ಹದಿನೇಳು ವರ್ಷದ ಹಿಂದಿನ ರೂಪಕ್ಕೆ ಸರಿಹೊಂದದಿರುವಾಗ, ‘ಅಕಿಲೀಸ್’ ಎಂದಷ್ಟೇ ಫಲಕ ಬರೆದು ವರ್ಷ ಬಿಟ್ಟ ಮಾಡೆಲನ್ನು ಸ್ಪರ್ಧೆಗಳಲ್ಲಿ ‘ನಿಖರ’ ಎಂದು ಮೆಚ್ಚುವುದು ಹೇಗೆ?

ಮುಂಬಯಿಯದೇ ತೊಂದರೆಗಳೂ ಇವೆ, ಅವು ಸಣ್ಣವು. ಆಮದಿನ ಪರಿಮಾಣ ನಿರ್ಬಂಧಗಳ ಕೊನೆಯ ಕಂತು 2001ರ ಏಪ್ರಿಲಿನಲ್ಲಿ ತೆರವಾಗುವವರೆಗೆ ಇಂಥ ಪೆಟ್ಟಿಗೆಗಳು ಬಹುಪಾಲು ಹೊರದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲೇ ಬರಬೇಕಿತ್ತು. ಕಟ್ಟದೆ ಅಟ್ಟ ಸೇರಿದವು ಒಮ್ಮೊಮ್ಮೆ ಚೋರ್ ಬಜಾರಿನಲ್ಲಿ ತಲೆಹಾಕುತ್ತವೆ. ಹತ್ತಾರು ಮಳೆಗಾಲ ಕಂಡ ಪ್ಲಾಸ್ಟಿಕ್ಕಿಗೆ ಏನೂ ಆಗಿರುವುದಿಲ್ಲ, ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರ) ಮಾತ್ರ ಹಳದಿಯಾಗಿ ನೀರಿಗೆ ಬಿದ್ದೊಡನೆ ಚೂರಾಗುತ್ತದೆ. ಏಜಾಕ್ಸ್‌ನ ಬಾವುಟ ಹೇಗೂ ಬೇಕಿಲ್ಲವಲ್ಲ, ಡೆಲ್ಲಿ ಕಟ್ಟುವವರಿಗೆ ಅದು ನಷ್ಟವೇ ಅಲ್ಲ. ಜುಲೈ ತಿಂಗಳಲ್ಲಿ ವಾರ್ನಿಷ್ ಹೊಡೆದರೆ ಗಾಳಿಯ ತೇವಕ್ಕೆ ಮೇಲ್ಮೈ ಬೂದು ಮುಸುಕುತ್ತದೆ. ಅಕ್ಟೋಬರ್‌ವರೆಗೆ ಕಾಯುವುದು ಮೇಲು.

ಡೆಲ್ಲಿಯ ಹಿಂಭಾಗದ ಕೆಳಗಿನ ಗೋಪುರವನ್ನು, ಅಂದರೆ ‘ವೈ’ ಗೋಪುರವನ್ನು, ಭಾರತ ನ್ಯೂಜಿಲೆಂಡ್‌ಗೆ ಕೊಟ್ಟಿತು. ಡೆವನ್‌ಪೋರ್ಟ್ ನೌಕಾನೆಲೆಯ ಬಾಗಿಲಲ್ಲಿ ಅದು ಇವತ್ತಿಗೂ ಇದೆ. ಕಟ್ಟುವವರಿಗೆ ಇದು ದೊಡ್ಡ ಉಪಕಾರ. ಡೆಲ್ಲಿಗೆ ಉಳಿಯುವ ಮೂರು ಗೋಪುರಗಳಲ್ಲಿ ಒಂದರ ಅಳತೆ, ಅಂಚು, ಬಾಗಿಲು ಎಲ್ಲ ಅಲ್ಲಿ ಕಣ್ಣಿಗೆ ಕಾಣುವಂತಿವೆ.

ಕನ್ನಡಿಗರು ಸಹಜವಾಗಿ ಕೇಳುವ ಇನ್ನೊಂದು ಹಡಗಿದೆ: 1957ರಲ್ಲಿ ಸೇವೆಗೆ ಸೇರಿದ ಐ.ಎನ್.ಎಸ್. ಮೈಸೂರು. ಡೆಲ್ಲಿ ದೀವ್‌ನಲ್ಲಿದ್ದಾಗ ಇದು ಕಾರವಾರದೆದುರಿನ ಅಂಜದೀವ್ ದ್ವೀಪದ ಕಾರ್ಯಾಚರಣೆಯಲ್ಲಿತ್ತು. ಮೊದಲ ಹೆಸರು ನೈಜೀರಿಯಾ, ಕ್ರೌನ್ ಕಾಲೊನಿ ವರ್ಗ. ಏರ್‌ಫಿಕ್ಸ್ ಆ ವರ್ಗ ಮಾಡಲಿಲ್ಲ. ಅವರ ಬೆಲ್ಫಾಸ್ಟ್ ಕಿಟ್ ಕತ್ತರಿಸಿ ಮೈಸೂರು ಮಾಡಬಹುದು ಎನ್ನುವವರಿದ್ದಾರೆ. ಬೆಲ್ಫಾಸ್ಟ್ 187 ಮೀಟರ್, ಮೈಸೂರು 169. ಒಡಲಿನಿಂದ ಮೂರು ಸೆಂಟಿಮೀಟರ್ ಕೊಯ್ದು ಮತ್ತೆ ಜೋಡಿಸಿ, ಮೇಲ್ಕಟ್ಟನ್ನೆಲ್ಲ ಹೊಸದಾಗಿ ಕಟ್ಟಬೇಕು. ಅಷ್ಟಾದ ಮೇಲೆ ಕಿಟ್‌ನದೆಂದು ಉಳಿಯುವುದು ಹೊಗೆಕೊಳವೆ, ದೋಣಿಗಳು ಅಷ್ಟೇ. ಅಷ್ಟು ಕೈಕೆಲಸ ಮಾಡುವವರು ಪ್ಲಾಸ್ಟಿಕ್ ಹಾಳೆಯಿಂದಲೇ ಶುರುಮಾಡಲಿ, ಬೆಲ್ಫಾಸ್ಟ್ ಅನ್ನು ಬೆಲ್ಫಾಸ್ಟ್ ಆಗಿಯೇ ಬಿಡಲಿ.